ನೂರೊಂದು ಮೀನು

ಗಾಳ ಜಾಲಿಮರಕ್ಕೆ ಸಿಕ್ಕಿಕೊಂಡರೆ ಎಳೆಯಬಾರದು. ಎಳೆದರೆ ದಾರ ಹರಿಯುತ್ತದೆ, ಇಲ್ಲವೇ ಗಾಳ ತೊಗಟೆಯೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಮುಳ್ಳುಗಳ ನಡುವೆ ಕೈ ತೂರಿಸಿ, ಅದು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಳ್ಳಿ ಬಿಡಿಸಬೇಕು. ನಾನು ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಬೇಸಿಗೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹೆಸರಘಟ್ಟದ ಕೆರೆಯ ಅಂಚಿನಲ್ಲಿ ನನ್ನ ಕೆಲಸ ಇದೇ ಆಗಿತ್ತು. ಮೀನು ಹಿಡಿಯುತ್ತಿದ್ದವರು ಅಪ್ಪ.

ಹಿಡಿಯುತ್ತಿದ್ದರು ಎನ್ನುವುದೂ ಪೂರ್ತಿ ಸರಿಯಲ್ಲ. ಅಪ್ಪ ಗದಗಿನ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫೋರ್‌ಮನ್. ನಮ್ಮ ಮನೆಯಲ್ಲಿ ಈರುಳ್ಳಿಗೇ ವಾರದಲ್ಲಿ ಒಂದು ದಿನ ರಜೆ. ಮೀನಿನ ಮಾತು ದೂರವೇ ಉಳಿಯಿತು. ಆದರೆ ನಾನು ಚಿಕ್ಕವಳಿದ್ದಾಗ ಕಾರ್ಖಾನೆಯವರು ಯಂತ್ರ ಕೂಡಿಸುವ ಕೆಲಸಕ್ಕೆಂದು ಅವರನ್ನು ಒಂದು ಬೇಸಿಗೆ ನೀಲಗಿರಿಗೆ ಕಳಿಸಿದ್ದರು. ಅಲ್ಲಿ ಪಕ್ಕದ ಬಂಗಲೆಯಲ್ಲಿದ್ದ ನಿವೃತ್ತ ಎಂಜಿನಿಯರೊಬ್ಬರು ಅವರನ್ನು ಗುಡ್ಡದ ಹೊಳೆಗೆ ಕರೆದುಕೊಂಡು ಹೋಗಿ ಟ್ರೌಟ್ ಎಂಬ ಮೀನು ಹಿಡಿಯುವುದನ್ನು ಕಲಿಸಿದರು. ಬರುವಾಗ ತಮ್ಮ ಹಳೆಯ ಬಿದಿರಿನ ಕೋಲನ್ನೂ ಕೊಟ್ಟರು. ಆ ಹೊಳೆಯ ನೀರು ಎಷ್ಟು ತಿಳಿ ಎಂದರೆ ಎದೆಯುದ್ದದ ಆಳದಲ್ಲೂ ಕಲ್ಲಿನ ಮೇಲಿನ ಗೆರೆ ಕಾಣುತ್ತಿತ್ತು, ಟ್ರೌಟಿನ ಮೈಮೇಲೆ ಕುಂಕುಮ ಚಿಮುಕಿಸಿದ ಹಾಗೆ ಚುಕ್ಕೆಗಳಿದ್ದವು, ಅದು ಹರಿವಿಗೆ ಎದುರಾಗಿ ನಿಂತು ಬಾಲವನ್ನಷ್ಟೇ ಅಲ್ಲಾಡಿಸುತ್ತಿತ್ತು. ಈ ಮಾತುಗಳನ್ನು ಇದೇ ಕ್ರಮದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮುಂದಿನ ಬೇಸಿಗೆಗೆ ಮತ್ತೆ ಆ ಹೊಳೆಗೆ ಹೋಗುವುದು ಎಂದು ಪ್ರತಿ ಬೇಸಿಗೆಯೂ ಹೇಳುತ್ತಿದ್ದರು. ಹೋಗುವವರೆಗೆ ಕೈ ಹದ ತಪ್ಪಬಾರದೆಂದು ಹೆಸರಘಟ್ಟ.

ಇದು ಎರೆಹುಳು ಸಿಕ್ಕಿಸಿ ದಂಡೆಯಲ್ಲಿ ಕೂರುವ ಬಗೆಯಲ್ಲ. ಗಾಳಕ್ಕೆ ಪುಕ್ಕ, ರೇಷ್ಮೆದಾರ ಸುತ್ತಿ ನೊಣದ ಹಾಗೆ ಮಾಡುತ್ತಾರೆ. ಆ ನೊಣಕ್ಕೆ ತೂಕವಿಲ್ಲ, ತೂಕವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವಷ್ಟು ಹೊತ್ತು ತಡೆದು, ಆಮೇಲೆ ಮುಂದಕ್ಕೆ ಬೀಸಿದರೆ ನೊಣ ನೀರಿನ ಮೇಲೆ ತಾನಾಗಿ ಇಳಿದ ಹಾಗೆ ಕೂರುತ್ತದೆ. ಗುಡ್ಡದ ಹೊಳೆಯಲ್ಲಿ ಬೆನ್ನ ಹಿಂದೆ ಹುಲ್ಲು ಇರುತ್ತದಂತೆ. ಹೆಸರಘಟ್ಟದಲ್ಲಿ ಜಾಲಿ ಇತ್ತು. ಅಪ್ಪ ಹಿಂದಕ್ಕೆ ಬೀಸಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಒಂದು ಸಲ ಗಾಳ ನನ್ನ ಜಡೆಗೇ ಸಿಕ್ಕಿತು. ಗಾಳ ಮರಕ್ಕೆ ಸಿಕ್ಕಾಗ ತೋರಿಸುತ್ತಿದ್ದ ಕಾಳಜಿಯನ್ನೇ ಅಪ್ಪ ನನಗೂ ತೋರಿಸಿದರು: ದಾರ ಹರಿಯಲಿಲ್ಲ ತಾನೆ ಎಂದು ಕೇಳಿದರು.

ಮೀನಿಗೆ ನೋವಾಗಬಾರದೆಂದು ಅಪ್ಪ ಪ್ರತಿ ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಮುಳ್ಳನ್ನು ಟೂಲ್ ರೂಮಿನ ಅರದಿಂದ ನುಣ್ಣಗೆ ಉಜ್ಜಿಬಿಡುತ್ತಿದ್ದರು. ಆ ಮುಳ್ಳಿರುವುದೇ ಮೀನು ಜಾರಿಹೋಗದಿರಲಿ ಎಂದು. ಅದಿಲ್ಲದ ಗಾಳಕ್ಕೆ ಹತ್ತು ಮೀನು ಬಾಯಿ ಹಾಕಿದರೆ ಎಂಟು ಅಲ್ಲೇ ತಪ್ಪಿಸಿಕೊಳ್ಳುತ್ತಿದ್ದವು. ಉಳಿದ ಎರಡನ್ನು ಅಪ್ಪ ಕೈ ಒದ್ದೆ ಮಾಡಿಕೊಂಡು ಹಿಡಿದು, ಎರಡು ಕ್ಷಣ ನೋಡಿ, ನೀರಿಗೆ ಬಿಡುತ್ತಿದ್ದರು. ಬೆರಳುದ್ದದ ಗೆಂಡೆ ಮೀನುಗಳು.

"ಕೊಲ್ಲಂಗಿಲ್ಲ, ತಿನ್ನಂಗಿಲ್ಲ. ಮತ್ತ ಹಿಡಿಯೂದು ಯಾಕಂತೀನಿ" ಎನ್ನುತ್ತಿದ್ದರು ಅಮ್ಮ.

ಕೋಲು, ಪುಕ್ಕ ಯಾವುದೂ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಆರ್.ಟಿ. ನಗರದ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಅವುಗಳಿಗೆ ಜಾಗ. ಕೆರೆಯಿಂದ ಬಂದ ನಾವಿಬ್ಬರೂ ಹಿತ್ತಲ ನಲ್ಲಿಯ ಕೆಳಗೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕಿತ್ತು. ಏನನ್ನೂ ಮುಟ್ಟದ ನಾನೂ.

ಏನನ್ನೂ ಮುಟ್ಟದ ಎಂದದ್ದು ತಪ್ಪು. ಪುಕ್ಕದ ನೊಣಗಳನ್ನು ಕಟ್ಟುತ್ತಿದ್ದವಳು ನಾನೇ. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ನಾನು ಓದುತ್ತಿದ್ದದ್ದು ಕೀಟಶಾಸ್ತ್ರ. ಹುಳದ ವಿಷಯ ಗೊತ್ತಿರುವವಳು ಹುಳ ಕಟ್ಟಲೂ ಬಲ್ಲಳು ಎಂದು ಅಪ್ಪನ ತರ್ಕ. ಕ್ಯಾಂಪಸ್ಸಿನ ಕೋಳಿಮನೆಯಿಂದ ಹುಂಜದ ಕತ್ತಿನ ಗರಿ ತಂದು, ಅಮ್ಮನ ಕಸೂತಿ ಡಬ್ಬಿಯಿಂದ ರೇಷ್ಮೆದಾರ ಕದ್ದು, ಹಳೆಯ ಸೀರೆಯ ಅಂಚಿನಿಂದ ಜರಿಯ ಎಳೆ ಬಿಚ್ಚಿ, ವರಾಂಡದಲ್ಲಿ ಕೂತು ಕಟ್ಟುತ್ತಿದ್ದೆ. ಅಪ್ಪ ಹೇಳಿದ ನಮೂನೆಗೆ ಕಂದು ಗರಿ, ಹೊಟ್ಟೆಗೆ ಜರಿ, ಹಿಂದೆ ಕೆಂಪು ಉಣ್ಣೆಯ ಬಾಲ. ಕೆಂಪು ಉಣ್ಣೆಯ ಬಾಲವಿರುವ ಕೀಟ ಯಾವ ನೀರಿನಲ್ಲೂ ಇಲ್ಲ ಎಂದು ಹೇಳಿದೆ. ಪುಸ್ತಕ ತೆರೆದು ಚಿತ್ರ ತೋರಿಸಿದೆ.

"ಟ್ರೌಟ್ ನಿಮ್ಮ ಕಾಲೇಜಿನ್ಯಾಗ ಓದಿಲ್ಲ ಬಿಡವಾ" ಎಂದರು ಅಪ್ಪ.

ಒಂದು ರಾತ್ರಿಯ ನಿದ್ದೆ ಬಿಟ್ಟು, ಭೂತಗನ್ನಡಿಯ ಕೆಳಗೆ ಹೊಳೆನೀರಿನಲ್ಲಿ ಹುಟ್ಟುವ ‘ಮೇ ನೊಣ’ದ ತದ್ರೂಪವನ್ನೇ ಕಟ್ಟಿದೆ: ಎತ್ತಿ ನಿಲ್ಲಿಸಿದ ರೆಕ್ಕೆ, ಆರು ಕಾಲು, ಕೂದಲೆಳೆಯ ಎರಡು ಬಾಲ. ಹೆಸರಘಟ್ಟದ ಯಾವ ಮೀನೂ ಅದರತ್ತ ತಿರುಗಿ ನೋಡಲಿಲ್ಲ. ಅಪ್ಪ ಅದನ್ನು ಬಿಚ್ಚಿ ಕೆಂಪು ಬಾಲದ್ದನ್ನು ಕಟ್ಟಿಕೊಂಡರು. ಏನಾದರೂ ಹೇಳಿದ್ದರೆ ವಾಸಿಯಿತ್ತು.

ಇಷ್ಟೆಲ್ಲ ಸಹಿಸಿಕೊಂಡು ಭಾನುವಾರ ಭಾನುವಾರ ನಾನು ಹೋಗುತ್ತಿದ್ದುದಕ್ಕೆ ಕಾರಣವಿತ್ತು. ಏಪ್ರಿಲ್ ಕೊನೆಗೆ ನನಗೊಂದು ಪತ್ರ ಬಂದಿತ್ತು. ಚಹಾ ಬೆಳೆಯ ಮೇಲೆ ಸಂಶೋಧನೆ ಮಾಡುವ ಒಂದು ಕೇಂದ್ರದಲ್ಲಿ ಸಹಾಯಕಿಯ ಕೆಲಸ, ಇರಲು ಕ್ವಾರ್ಟರ್ಸು, ಜುಲೈಯಲ್ಲಿ ಸೇರಬೇಕು. ಒಪ್ಪಿಗೆ ಮೇ ತಿಂಗಳ ಕೊನೆಯೊಳಗೆ ಅವರಿಗೆ ತಲುಪಬೇಕು. ಅಮ್ಮ ಆಗಲೇ ಹುಬ್ಬಳ್ಳಿಯ ಒಂದು ಮನೆಯವರಿಗೆ ಜೂನ್‌ನಲ್ಲಿ ಹೆಣ್ಣು ನೋಡಲು ಬನ್ನಿ ಎಂದು ಬರೆಸಿದ್ದರು. ಅಪ್ಪ ಹೂಂ ಎಂದರೆ ಅಮ್ಮ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಟ್ರಂಕು ತೆಗೆಯುತ್ತಾರೆ. ಅಪ್ಪನಿಗೆ ಮೊದಲು ಹೇಳದೆ ಅಮ್ಮನಿಗೆ ಹೇಳಿದರೆ ಆ ಕೆಲಸದ ಕಥೆ ಅಲ್ಲಿಗೇ ಮುಗಿದ ಹಾಗೆ. ಆದ್ದರಿಂದ ಅಪ್ಪ ಒಬ್ಬರೇ ಸಿಗಬೇಕಿತ್ತು. ಅವರು ಒಬ್ಬರೇ ಸಿಗುತ್ತಿದ್ದದ್ದು ಕೆರೆಯಲ್ಲಿ.

ಆ ಕೇಂದ್ರವಿದ್ದದ್ದು ನೀಲಗಿರಿಯಲ್ಲಿ, ಅಪ್ಪನ ಹೊಳೆಯಿಂದ ನಡೆದರೆ ಒಂದು ಗಂಟೆಯ ದಾರಿ. ಇದೊಂದನ್ನು ಹೇಳಿಬಿಟ್ಟರೆ ಅವರು ತಕ್ಷಣ ಒಪ್ಪುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದನ್ನು ಹೇಳಕೂಡದೆಂದು ತೀರ್ಮಾನಿಸಿದ್ದೆ. ಎರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು ನಾನು. ಅವರು ಒಪ್ಪುವುದಾದರೆ ಅದಕ್ಕೆ ಒಪ್ಪಲಿ, ಮೀನಿಗಲ್ಲ.

ಆದರೆ ಕೆರೆಯಲ್ಲಿ ಮಾತಾಡುವಂತಿರಲಿಲ್ಲ. "ಅಪ್ಪಾ, ಒಂದು ವಿಷಯ" ಎನ್ನುವಷ್ಟರಲ್ಲಿ ಅವರ ಎಡಗೈ ಮೇಲಕ್ಕೇಳುತ್ತಿತ್ತು.

"ಸುಮ್ನ ನಿಂದ್ರು ಯವ್ವಾ. ಮೀನಕ್ಕ ಕೇಳಸ್ತದ."

ಗಾಳಿಯಲ್ಲಿ ಆಡಿದ ಮಾತು ನೀರಿನೊಳಕ್ಕೆ ಇಳಿಯುವುದು ತೀರಾ ಕಡಿಮೆ. ಮೀನಿಗೆ ಗೊತ್ತಾಗುವುದು ದಂಡೆಯ ಮೇಲಿನ ಹೆಜ್ಜೆಯ ಅದುರು. ಅಪ್ಪ ಕಾರ್ಖಾನೆಯ ಬೂಟು ಹಾಕಿಕೊಂಡು ಒಣಗಿದ ಕೆಸರಿನ ಮೇಲೆ ಧಡಧಡ ನಡೆಯುತ್ತಿದ್ದರು. ಇದನ್ನು ವಿವರಿಸಲು ಬಾಯಿ ತೆರೆದರೂ ಎಡಗೈ ಏಳುತ್ತಿತ್ತು. ದಾರಿಯಲ್ಲಿ ಮಾತಾಡೋಣವೆಂದರೆ ಸ್ಕೂಟರಿನ ಸದ್ದು. ಹಿಂದೆ ಕೂತು ಕೋಲಿನ ಚೀಲವನ್ನು ಬಾವುಟದ ಹಾಗೆ ನೆಟ್ಟಗೆ ಹಿಡಿದುಕೊಳ್ಳಬೇಕಾದವಳು ಕಿವಿಯ ಹತ್ತಿರ ಬಾಗಲೂ ಆಗುತ್ತಿರಲಿಲ್ಲ. ಹೀಗೆ ಮೂರು ಭಾನುವಾರ ಹೋದವು.

ನಾಲ್ಕನೆಯ ಭಾನುವಾರ ನಾನು ಜಾಲಿಯಿಂದ ಗಾಳ ಬಿಡಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಕೆರೆಯಲ್ಲಿ ಬಲೆ ಹಾಕುತ್ತಿದ್ದ ಮುದುಕನೊಬ್ಬನಿದ್ದ. ಅಪ್ಪ ಕೋಲು ಬೀಸುವುದನ್ನು ತೆಪ್ಪದಲ್ಲಿ ನಿಂತು ನೋಡುತ್ತಿದ್ದ. ಅವನ ಹೆಂಡತಿ ಇವಳು. ನನ್ನನ್ನು ಪಾಪ ಎನ್ನುವ ಹಾಗೆ ನೋಡಿ, "ಎಷ್ಟಾಯ್ತಮ್ಮ?" ಎಂದು ಕೇಳಿದಳು.

ಏನೆಷ್ಟು ಎಂದೆ.

"ಮೀನು ಕಣಮ್ಮ. ನೂರೊಂದು ಬಿಡಬೇಕಂತಲ್ಲ, ನಿನ್ ಮದುವೆಗೆ ಅರಕೆ. ಇಂಗೆ ವಾರಕ್ಕೆ ಮೂರು ನಾಕು ಬಿಟ್ರೆ ಯಾವತ್ತಮ್ಮ ಮುಗಿಯಾದು?"

ನಾನು ಕೈಯಲ್ಲಿದ್ದ ಗಾಳವನ್ನು ಮತ್ತೆ ಮರಕ್ಕೇ ಚುಚ್ಚಿದೆನೆಂದು ಕಾಣುತ್ತದೆ. ಬಿಡಿಸಲು ಮತ್ತೆ ಹತ್ತು ನಿಮಿಷ ಹಿಡಿಯಿತು. ಆ ದಿನ ರಾಜಾನುಕುಂಟೆಯ ಹತ್ತಿರ ಅಪ್ಪ ಸ್ಕೂಟರಿನ ಪ್ಲಗ್ ಒರೆಸಲು ನಿಲ್ಲಿಸಿದಾಗ ಕೇಳಿದೆ. ಅವರಿಗೆ ನಾಚಿಕೆಯಾಗಿದ್ದು ನಿಜ; ನನ್ನ ಮುಖ ನೋಡದೆ ಪ್ಲಗ್ಗನ್ನೇ ನೋಡುತ್ತ ಹೇಳಿದರು. ಹಿಡಿದ ಮೀನನ್ನು ಬಿಡುವುದನ್ನು ಕಂಡು ಮುದುಕ ಹರಕೆಯೇ ಎಂದು ಕೇಳಿದನಂತೆ. ಇವರು ಹೌದು ಎಂದರಂತೆ.

"ಆಟಕ್ಕ ಹಿಡದು ಬಿಡ್ತೀನಿ ಅಂದ್ರ ಹುಚ್ಚ ಅನ್ನಾಂವ" ಎಂದರು. "ಮದುವಿಗೆ ಅಂತ ನಾ ಅಂದಿಲ್ಲ. ನಿನ್ನ ನೋಡಿ ಅವರ ತಿಳ್ಕೊಂಡ್ರು."

ನೂರೊಂದು ಎಲ್ಲಿಂದ ಬಂತು ಎಂದೆ. ಎಷ್ಟು ಎಂದು ಕೇಳಿದ ಮೇಲೆ ಏನಾದರೂ ಒಂದು ಹೇಳಬೇಕಲ್ಲ ಎಂದರು. ನಾನು ಇಷ್ಟು ದಿನ ಕಾದಿದ್ದ ಏಕಾಂತ ಅದೇ ಆಗಿತ್ತು: ರಸ್ತೆಯ ಬದಿ, ಸದ್ದಿಲ್ಲದ ಸ್ಕೂಟರು, ಮಾತಿಗೆ ಸಿಕ್ಕ ಅಪ್ಪ. ಆದರೆ ಸಿಟ್ಟಿನಲ್ಲಿ ಪತ್ರದ ವಿಷಯ ನನ್ನ ಬಾಯಿಗೆ ಬರಲೇ ಇಲ್ಲ. ಯಲಹಂಕ ದಾಟಿದ ಮೇಲೆ ನೆನಪಾಯಿತು. ಆ ಮೂರ್ಖತನ ಮಾತ್ರ ನನ್ನದೇ. ಅಪ್ಪನ ಮೇಲೆ ಹೊರಿಸಲಾರೆ.

ಮೇ ತಿಂಗಳ ಕೊನೆಯ ಭಾನುವಾರ. ಒಪ್ಪಿಗೆಯ ಪತ್ರ ಬರೆದು, ಅಂಚೆಚೀಟಿ ಹಚ್ಚಿ, ಕೈಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಸೋಮವಾರ ಡಬ್ಬಿಗೆ ಬೀಳದಿದ್ದರೆ ಅದು ಹೊತ್ತಿಗೆ ತಲುಪುವ ಹಾಗಿರಲಿಲ್ಲ. ಕೆರೆ ಇನ್ನೂ ಬತ್ತಿ, ನೀರಿಗೆ ಹೋಗಲು ಬಿರುಕುಬಿಟ್ಟ ನೆಲದ ಮೇಲೆ ಬಹಳ ದೂರ ನಡೆಯಬೇಕಾಗಿತ್ತು. ನೀರಂಚಿನಲ್ಲಿ ಮುದುಕ ಮತ್ತು ಅವನ ಹೆಂಡತಿ ನಮ್ಮನ್ನೇ ಕಾಯುತ್ತ ನಿಂತಿದ್ದರು. ಪಕ್ಕದಲ್ಲಿ ನೀರು ತುಂಬಿದ ಎರಡು ದೊಡ್ಡ ಅಲ್ಯೂಮಿನಿಯಂ ಕೊಳಗ. ಒಳಗೆ ಕಪ್ಪಗೆ ಏನೋ ಕುದಿಯುತ್ತಿದ್ದ ಹಾಗೆ ಕಂಡಿತು. ಜೀವವಿರುವ ಸಣ್ಣ ಮೀನುಗಳು.

ಮುದುಕ ಹಿಂದಿನ ವಾರವೇ ಅಪ್ಪನ ಹತ್ತಿರ ಲೆಕ್ಕ ಕೇಳಿಕೊಂಡಿದ್ದನಂತೆ. ಅಲ್ಲಿಗೆ ಹದಿನಾಲ್ಕಾಗಿತ್ತು. ಟೂಲ್ ರೂಮಿನವರಿಗೆ ಲೆಕ್ಕ ತಪ್ಪುವುದಿಲ್ಲ.

"ಎಂಬತ್ತೇಳು ಐತೆ ಸ್ವಾಮಿ, ಎಣಿಸಿ ಮಡಗಿವ್ನಿ" ಎಂದ ಮುದುಕ. "ನಮ್ ಕೆರೆ ಮೀನು ನಿಮ್ ಪುಕ್ಕಕ್ಕೆಲ್ಲ ಬರಾಕಿಲ್ಲ. ಒಂದೇ ಸಲ ಬಿಟ್ಬಿಡಿ. ಮಗೀಗೆ ಒಳ್ಳೇದಾಗ್ಲಿ."

ಅವನ ಹೆಂಡತಿ ಅರಿಸಿನ, ಕುಂಕುಮ, ದಾಸವಾಳ, ಎರಡು ಬಾಳೆಹಣ್ಣು ತಂದಿದ್ದಳು. ಅಪ್ಪ ಕೋಲಿನ ಚೀಲವನ್ನು ಬಿಚ್ಚದೆ ಹಾಗೇ ನಿಂತರು. ಒಂದು ಬೆಳಗಿನ ಬಲೆಯನ್ನು ಪೂರ್ತಿ ನಮಗೆ ಕೊಟ್ಟು ನಿಂತವನ ಎದುರು ಇದು ಸುಳ್ಳು ಎಂದು ಹೇಳುವುದು ಹೇಗೆ? ಅವರು ನನ್ನ ಕಡೆ ನೋಡಿದರು. ನಾನು ನೀರಿನ ಕಡೆ ನೋಡಿದೆ. ಕೊನೆಗೆ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಮೊಣಕಾಲವರೆಗೆ ನೀರಿಗೆ ಇಳಿದರು.

ನಾನು ಕೊಳಗದಿಂದ ಒಂದೊಂದೇ ಮೀನನ್ನು ಬೊಗಸೆಯಲ್ಲಿ ಎತ್ತಿ ಕೊಡಬೇಕು, ಹೆಂಗಸು ಅದರ ಮೇಲೆ ಒಂದು ಚಿಟಿಕೆ ಕುಂಕುಮ ಹಾಕಬೇಕು, ಅಪ್ಪ ಬಿಡಬೇಕು, ಮುದುಕ ಎಣಿಸಬೇಕು. ಒಂದು. ಎರಡು. ಬಿಸಿಲು ಏರುತ್ತಿತ್ತು. ಕುಂಕುಮ ಕರಗಿ ನನ್ನ ಕೈಯೆಲ್ಲ ಕೆಂಪಾಯಿತು. ಮೀನುಗಳು ಬೊಗಸೆಯಿಂದ ಹಾರಿ ಕೆಸರಿಗೆ ಬೀಳುತ್ತಿದ್ದವು. ಬಿದ್ದದ್ದನ್ನು ತೊಳೆದು ಮತ್ತೆ ಕೊಡಬೇಕಿತ್ತು. ಪ್ರತಿ ಮೀನಿಗೂ ಒಳ್ಳೆ ಗಂಡ ಸಿಗಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳಬೇಕೆಂದು ಹೆಂಗಸು ನನಗೆ ಹೇಳಿಕೊಟ್ಟಳು. ಮೂವತ್ತರ ಹೊತ್ತಿಗೆ, "ಅಂದ್ಕೋತಾ ಇದೀಯೇನಮ್ಮ? ತುಟೀನೇ ಅಲ್ಲಾಡ್ತಿಲ್ಲ" ಎಂದಳು.

"ಇದು ಮದುವೆಗಲ್ಲ" ಎಂದೆ. "ಕೆಲಸಕ್ಕೆ."

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅಪ್ಪನ ಎಡಗೈಯಲ್ಲಿ ಮೀನಿತ್ತು, ಏಳುವ ಹಾಗಿರಲಿಲ್ಲ.

"ಕೆಲ್ಸ ಸಿಗ್ಲಿ ಅಂತ್ಲಾ?" ಎಂದ ಮುದುಕ.

"ಸಿಕ್ಕಿದೆ. ಬರ್ತೀನಿ ಅಂತ ನಾಳೆ ಪತ್ರ ಹಾಕಬೇಕು."

"ಆಕಕ್ಕೇನಮ್ಮ ಮತ್ತೆ?"

"ಅಪ್ಪ ಇನ್ನೂ ಹೂಂ ಅಂದಿಲ್ಲ."

ಅಂದಿಲ್ಲ ಎಂದರೆ ಕೇಳಿಯೇ ಇಲ್ಲ ಎಂದೂ ಅರ್ಥ ಎನ್ನುವುದನ್ನು ನಾನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಮುದುಕ ತಲೆಯ ಟವಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮೀನಿನ ವಿಷಯವಲ್ಲ, ಇನ್ನೂ ಗಂಭೀರವಾದುದನ್ನು ಆಡುವವನ ಹಾಗೆ.

"ಸ್ವಾಮಿ, ಅರಕೆ ಕಟ್ಕೊಂಡೋರು ನೀವು. ಕೇಳಿದ್ದು ಬಂದೈತೆ. ಮೀನೂ ಬಿಡ್ತಾ ಇವ್ರಿ. ಈಗ ಬ್ಯಾಡ ಅನ್ನಾಕೆ ಆಯ್ತದಾ?"

"ಎಣಿಕಿ ಮುಗೀಲಿ" ಎಂದರು ಅಪ್ಪ.

ಇನ್ನೂ ಐವತ್ತಾರು ಮೀನು ಇದ್ದವು. ಒಂದಕ್ಕೂ ಅವರು ಅವಸರ ಮಾಡಲಿಲ್ಲ. ಪ್ರತಿಯೊಂದನ್ನೂ ನೀರಿನಲ್ಲಿ ಹಿಡಿದು, ಅದು ಕಿವಿರು ಆಡಿಸುವುದನ್ನು ನೋಡಿ, ಬೆರಳು ಸಡಿಲಿಸುತ್ತಿದ್ದರು. ನಾನು ಎತ್ತಿ ಎತ್ತಿ ಕೊಟ್ಟೆ. ಇನ್ನು ಅವರ ಮುಖ ನೋಡಬಾರದೆಂದು ಮೀನುಗಳ ಬಾಲವನ್ನೇ ನೋಡುತ್ತಿದ್ದೆ. ಎಂಬತ್ತೇಳನೆಯದು ಹೋದ ಮೇಲೆ ಅಪ್ಪ ನೀರಿನಲ್ಲೇ ಕೈ ತೊಳೆದುಕೊಂಡು, ದಂಡೆಗೆ ಬಂದು, ಬೂಟು ಹುಡುಕುತ್ತ ನನ್ನ ಕಡೆ ನೋಡದೆಯೇ ಕೇಳಿದರು.

"ಏನ್ ಕೆಲಸ?"

ಹೇಳಿದೆ. ಚಹಾ ಎಲೆಯನ್ನು ತಿನ್ನುವ ಕೆಂಪು ನುಸಿಯ ಬಗ್ಗೆ, ಅದು ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಅದನ್ನು ತಿನ್ನುವ ಬೇರೆ ಹುಳಗಳಿವೆಯೇ ಎನ್ನುವುದರ ಬಗ್ಗೆ. ಇಷ್ಟು ಉದ್ದ ನಾನು ಅವರ ಹತ್ತಿರ ಎಂದೂ ಮಾತಾಡಿರಲಿಲ್ಲ. ಮುದುಕ ಮತ್ತು ಅವನ ಹೆಂಡತಿಯೂ ಕೇಳಿದರು. ನುಸಿಗೆ ಎಂಟು ಕಾಲು ಎಂದಾಗ ಹೆಂಗಸು, "ಏಡಿಗಿದ್ದಂಗೆ" ಎಂದಳು. ನುಸಿ ಆರು ಕಾಲಿನ ಕೀಟಗಳ ಜಾತಿಯದಲ್ಲ ಎಂಬುದನ್ನು ನಮ್ಮ ತರಗತಿಯಲ್ಲಿ ತಾವಾಗಿ ಕಂಡುಕೊಂಡವರು ಕಡಿಮೆ.

"ಬರದು ಹಾಕು" ಎಂದರು ಅಪ್ಪ. "ನಿಮ್ಮವ್ವಗ ನಾ ಹೇಳ್ತೀನಿ."

ಬರೆದಾಗಿದೆ ಎಂದೆ. ಯಲಹಂಕದಲ್ಲಿ ಅಂಚೆಡಬ್ಬಿಯ ಮುಂದೆ ಸ್ಕೂಟರು ತಾನೇ ನಿಂತಿತು. ಪತ್ರ ತೆಗೆದು ಕೈಯಲ್ಲಿ ಹಿಡಿದಾಗ ಅಪ್ಪ ವಿಳಾಸ ಓದಿದರು. ಮೆಲ್ಲಗೆ, ಒಂದೊಂದೇ ಪದ. ಆಮೇಲೆ ನನ್ನ ಮುಖ ನೋಡಿದರು.

"ಇದನ್ನ ಮೊದಲ ಹೇಳಿದ್ರ ಆಗತಿತ್ತಲ್ಲ. ಅವತ್ತ ಹೂಂ ಅಂತಿದ್ದೆ."

"ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಅಲ್ಲಿಂದ ಮನೆಯವರೆಗೆ, ಸ್ಕೂಟರಿನ ಸದ್ದನ್ನೂ ಲೆಕ್ಕಿಸದೆ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು, ಆ ಹೊಳೆಗೆ ಯಾವ ತಿಂಗಳಲ್ಲಿ ಪರವಾನಗಿ ಕೊಡುತ್ತಾರೆ, ಯಾವ ಸೇತುವೆಯ ಹತ್ತಿರ ಇಳಿಯಬೇಕು ಎಂದು ಕೂಗಿ ಕೂಗಿ ಹೇಳಿದರು. ಹೆಬ್ಬಾಳದಲ್ಲಿ ಒಂದು ಎತ್ತಿನ ಗಾಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು.

ಅಮ್ಮ ಮಾತು ಬಿಟ್ಟದ್ದು ಎರಡಲ್ಲ, ಆರು ದಿನ.

ಮರುವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮ ನೀಲಗಿರಿಗೆ ಬಂದರು. ಅಮ್ಮ ಉಣ್ಣೆಯ ಶಾಲು ಹೊದ್ದು ನನ್ನ ಕ್ವಾರ್ಟರ್ಸಿನ ಒಲೆಯ ಮುಂದೆ ಕೂತರು. ಅಪ್ಪ ಐದು ದಿನದ ಪರವಾನಗಿ ಮಾಡಿಸಿದರು. ಮೊದಲನೆಯ ದಿನ ನಸುಕಿನಲ್ಲಿ ಕೇಂದ್ರದ ಜೀಪು ಆ ಕಡೆ ಹೊರಟಿತ್ತು, ಅವರನ್ನು ಹೊಳೆಗೆ ಮುಟ್ಟಿಸಿದೆ. ನೀರು ಅವರು ಹೇಳಿದಷ್ಟು ತಿಳಿಯಾಗಿರಲಿಲ್ಲ, ಹಿಂದಿನ ರಾತ್ರಿ ಮಳೆಯಾಗಿತ್ತು. ಕಲ್ಲುಗಳ ನಡುವೆ ಬೆಳ್ಳಗೆ ಮುರಿದು, ಕೆಳಗಿನ ಮಡುವಿನಲ್ಲಿ ಹಸಿರಾಗಿ ನಿಂತು, ಮತ್ತೆ ಓಡುತ್ತಿತ್ತು. ಬೆನ್ನ ಹಿಂದೆ ಹುಲ್ಲಿತ್ತು. ಅಪ್ಪ ನೀರಿಗೆ ಇಳಿದು, ಚಳಿಗೆ ಹಲ್ಲು ಕಚ್ಚಿ, ದಾರ ಬೀಸಿದರು. ಅದು ಉದ್ದಕ್ಕೆ, ಯಾವುದಕ್ಕೂ ಸಿಕ್ಕಿಕೊಳ್ಳದೆ, ಮಡುವಿನ ಆಚೆ ಅಂಚಿಗೆ ಹೋಗಿ ಬಿತ್ತು. ಹೆಸರಘಟ್ಟದ ಅಷ್ಟೂ ಭಾನುವಾರಗಳಲ್ಲಿ ನನಗೆ ನೋಡಲು ಸಿಗದೆ ಇದ್ದದ್ದು ಇದು. ಚೆನ್ನಾಗಿಯೇ ಇತ್ತು.

ಅವರು ಒಂದು ದಿನ ರಜೆ ಹಾಕು ಎಂದರು. ಈ ವಾರ ಆಗುವುದಿಲ್ಲ ಎಂದೆ. ಅದು ಎಲೆಯ ಮೇಲಿನ ನುಸಿ ಎಣಿಸುವ ವಾರ, ಪ್ರತಿ ಗಿಡದಿಂದ ಇಪ್ಪತ್ತೈದು ಎಲೆ. ಬಂದು ಒಂದು ಮೀನನ್ನಾದರೂ ನೋಡಿ ಹೋಗು ಎಂದರು. ಎಂಟಕ್ಕೆ ಪ್ರಯೋಗದ ಚಹಾ ಪ್ಲಾಟಿನಲ್ಲಿರಬೇಕು ಎಂದೆ. ಹತ್ತು ನಿಮಿಷ ಎಂದರು. ಜೀಪಿನವನು ಹಾರನ್ ಹೊಡೆದ. ಆ ಸದ್ದಿಗೆ ಅಪ್ಪ ಕಿರಿಕಿರಿಯಿಂದ ಅವನತ್ತ ತಿರುಗಿದರು, ಅಷ್ಟರಲ್ಲಿ ನೀರು ಒಮ್ಮೆ ಒಡೆದು ಮುಚ್ಚಿಕೊಂಡಿತು, ಕೋಲು ಅಲ್ಲಾಡಿತು, ಸುಮ್ಮನಾಯಿತು. ಯಾವ ಮೀನೋ ಜಾರಿಹೋಗಿತ್ತು. ಅವರು ನನ್ನನ್ನು ನೋಡಿದರು. ತಪ್ಪು ನನ್ನದೇ ಎಂಬಂತೆ.

ನಾನು ಎಲೆಯ ಚೀಲಗಳನ್ನು ಎತ್ತಿಕೊಂಡು ಜೀಪಿನ ಕಡೆ ಹೊರಟೆ. ಮಧ್ಯಾಹ್ನ ಊಟಕ್ಕೆ ಅವರೇ ನಡೆದು ಬರಬೇಕು, ದಾರಿ ಹೇಳಿದ್ದೆ. ಎಂಟಕ್ಕೆ ಐದು ನಿಮಿಷ ಇರುವಾಗ ಮೊದಲನೆಯ ಸಾಲಿನ ಗಿಡದ ಮುಂದೆ ಕೂತು, ಭೂತಗನ್ನಡಿ ತೆಗೆದು, ಎಲೆಯನ್ನು ತಿರುವಿ ನೋಡಲು ಶುರುಮಾಡಿದೆ.